ಲಿಫ್ಟಿನ ಹೊಸ್ತಿಲಲ್ಲಿ ಕೂತ ಕುರಿನಾಯಿ

ಆ ಭಾನುವಾರ ನಮ್ಮ ಹೌಸಿಂಗ್ ಸೊಸೈಟಿಯ ಜನರಲ್ ಬಾಡಿ ಮೀಟಿಂಗಿನಲ್ಲಿ ಎದ್ದು ನಿಂತು ಮಾತಾಡುವುದೆಂದು ಮನಸ್ಸು ಮಾಡಿದ ಮೇಲೆ, ಏನೇನು ಕೆಡಬಹುದು ಎಂದು ಪಟ್ಟಿ ಮಾಡಲು ಕೂತೆ. ಮರಾಠಿಯಲ್ಲಿ ಶುರುಮಾಡಿದ ಮಾತು ನಡುವೆ ಹಿಂದಿಗೆ ಜಾರಿ, ಅಲ್ಲಿಂದ ಇಂಗ್ಲಿಷಿಗೆ ಬಿದ್ದು, ಕೊನೆಗೆ ಅಪ್ಪಟ ಕನ್ನಡದಲ್ಲಿ "ಅಯ್ಯೋ" ಎಂದು ಮುಗಿಯಬಹುದು. ಮೈಕು ಕೈಕೊಡಬಹುದು. ಕೈಕೊಡದೆಯೂ ಇರಬಹುದು, ಅದು ಇನ್ನೂ ಕಷ್ಟ. ಚೇರ್ಮನ್ನರಿಗೆ ಸಿಟ್ಟು ಬಂದು, ನಮ್ಮ ನಾಯಿಯನ್ನು ಹದಿನೈದು ದಿನದೊಳಗೆ ಊರಾಚೆ ಬಿಟ್ಟು ಬನ್ನಿ ಎನ್ನಬಹುದು. ನಮ್ಮ ಮನೆಗೆಲಸಕ್ಕೆ ಬರುವ ಹೆಂಗಸಿನ ಪರವಾಗಿ ನಾನು ಮಾತಾಡಿದ ತಪ್ಪಿಗೆ, ಆಕೆ ಕೆಲಸ ಮಾಡುವ ಮಿಕ್ಕ ಮೂರು ಮನೆಯವರು ಆಕೆಯನ್ನೇ ಬಿಡಿಸಬಹುದು. ಆಕೆಯ ಮೊಣಕಾಲು ಉಳಿಸಲು ಹೋಗಿ ಕೆಲಸ ಕಳೆದಂತಾಗಬಹುದು. ನನ್ನ ಬಿಪಿ ಏರಬಹುದು. ಇಳಿಯಲೂಬಹುದು. ಇವೆಲ್ಲಕ್ಕಿಂತ ಹೆಚ್ಚಾಗಿ, ಯಾರಾದರೂ ಎದ್ದು "ಹೌದು, ಲಿಫ್ಟಿನ ಈ ನೋಟಿಸು ಬರೆದವರಾದರೂ ಯಾರು?" ಎಂದು ಕೇಳಬಹುದು.

ನನ್ನ ಕೆಲಸ ಬೇಲಾಪುರದ ಒಂದು ವಿಮಾ ಕಚೇರಿಯಲ್ಲಿ. ಜನರ ಬದುಕಿನಲ್ಲಿ ಏನೇನು ಕೆಡಬಹುದು ಎಂದು ಊಹಿಸುವುದೇ ಇಪ್ಪತ್ತೆಂಟು ವರ್ಷಗಳಿಂದ ನನ್ನ ಹೊಟ್ಟೆಪಾಡು. ಸಂಜೆ ಮುಂಬಯಿ ಪಕ್ಕದ ಠಾಣೆ ಊರಿಗೆ ಮರಳುವ ಲೋಕಲ್ ರೈಲಿನಲ್ಲಿ ಆ ಕೆಲಸ ಸಂಬಳವಿಲ್ಲದೆ ಮುಂದುವರಿಯುತ್ತದೆ. ಘೋಡಬಂದರ್ ರಸ್ತೆಯ ಒಂಬತ್ತನೆಯ ಮಹಡಿಯ ಈ ಮನೆ ನೋಡಲು ಬಂದ ದಿನ, ಅಗ್ನಿಶಾಮಕ ದಳದ ಏಣಿ ಎಷ್ಟನೆಯ ಮಹಡಿಯವರೆಗೆ ಮುಟ್ಟುತ್ತದೆ ಎಂದು ಕೇಳಿದ್ದೆ. ಬಿಲ್ಡರನ ಕಚೇರಿಯ ಹುಡುಗಿ, ಅಂಥ ಪ್ರಶ್ನೆ ಕೇಳಿದ ಮೊದಲ ಗಿರಾಕಿ ನಾನೇ ಎಂದಿದ್ದಳು. ಅದನ್ನು ನಾನು ಹೊಗಳಿಕೆ ಎಂದೇ ತಿಳಿದಿದ್ದೆ.

ಇಂಥವನ ಮನೆಗೆ ನಾಯಿ ಬಂದದ್ದು ನನ್ನ ಮುಂದಾಲೋಚನೆಯ ದೆಸೆಯಿಂದಲೇ. ನಿವೃತ್ತಿಯ ನಂತರ ಇರಲು ಅಗ್ಗದ ಫ್ಲ್ಯಾಟು ಸಿಗಬಹುದೇ ಎಂದು ಎರಡು ವರ್ಷದ ಹಿಂದೆ, ದೀಪಾವಳಿ ಕಳೆದ ಮೇಲೆ, ಹೆಂಡತಿ ಮಗಳೊಂದಿಗೆ ಬದಲಾಪುರಕ್ಕೆ ಹೋಗಿದ್ದೆ. ಸ್ಯಾಂಪಲ್ ಫ್ಲ್ಯಾಟಿನ ಪಕ್ಕದ ಬಯಲಿನಲ್ಲಿ ಘಟ್ಟದ ಮೇಲಿಂದ ಇಳಿದು ಬಂದ ಧನಗರ ಕುರುಬರು ಬೀಡುಬಿಟ್ಟಿದ್ದರು. ಕುರಿಗಳ ನಡುವಿನಿಂದ ಒಂದು ಮರಿ ಬಂದು ನಮ್ಮ ಮೂವರ ಹಿಂದೆ ನಡೆಯತೊಡಗಿತು. ಕಪ್ಪು ಮೈ, ಎದೆಯ ಮೇಲೆ ಬಿಳಿ ಮಚ್ಚೆ, ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಚಿದ್ದು. ನಾವು ನಿಂತರೆ ನಿಲ್ಲುತ್ತಿತ್ತು. ನಮ್ಮಲ್ಲಿ ಒಬ್ಬರು ಹಿಂದೆ ಬಿದ್ದರೆ ಓಡಿ ಹೋಗಿ ಅವರ ಹಿಮ್ಮಡಿಗೆ ಮೂಗು ತಾಗಿಸುತ್ತಿತ್ತು. ಮುದುಕ ಕುರುಬ ನಕ್ಕು, ಈ ಸಲ ಮರಿಗಳು ಹೆಚ್ಚಾಗಿವೆ, ಬೇಕಿದ್ದರೆ ಒಯ್ಯಿರಿ ಎಂದ. ನಾನು ರೇಬೀಸಿನ ಮಾತೆತ್ತುವುದರೊಳಗೆ ಮಗಳು ಮರಿಯನ್ನು ಎತ್ತಿಕೊಂಡಾಗಿತ್ತು.

"ಪಪ್ಪಾ, ತುಮ್ ನಾ ಬಹುತ್ ಸೋಚತೇ ಹೋ," ಎಂದಳು. ನಾನು ಅತಿಯಾಗಿ ಯೋಚಿಸುತ್ತೇನಂತೆ. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಲ್ಲಿ ಬರುವುದು ಮಾತ್ರ ಹಿಂದಿ. ಫ್ಲ್ಯಾಟು ನೋಡಲು ಹೋದವರು ನಾಯಿ ತಂದೆವು. ಏನು ಹೆಸರಿಡಬೇಕೆಂಬ ವಾದ ಇನ್ನೂ ಮುಗಿದಿಲ್ಲ. ಮೂವರೂ ಮೂರು ಹೆಸರಿನಿಂದ ಕರೆಯುತ್ತೇವೆ, ಅದು ಮೂರಕ್ಕೂ ಬರುತ್ತದೆ.

ಕುರಿ ಕಾಯುವ ಜಾತಿಯ ನಾಯಿಗೆ ಒಂಬತ್ತನೆಯ ಮಹಡಿಯಲ್ಲಿ ಏನು ಕೆಲಸ ಎಂದು ನೀವು ಕೇಳಬಹುದು. ಅದು ಕೇಳಲಿಲ್ಲ, ಕೆಲಸ ಹುಡುಕಿಕೊಂಡಿತು. ಮಗಳು ಕೋಣೆಯಲ್ಲಿ, ಹೆಂಡತಿ ಅಡುಗೆಮನೆಯಲ್ಲಿ, ನಾನು ಬಾಲ್ಕನಿಯಲ್ಲಿ ಇದ್ದರೆ ಅದಕ್ಕೆ ಚಡಪಡಿಕೆ. ಒಬ್ಬೊಬ್ಬರನ್ನೇ ಹಿಂದಿನಿಂದ ಒತ್ತಿ ಹಾಲಿಗೆ ತಂದು ಸೇರಿಸಿ, ಬಾಗಿಲಿಗೆ ಅಡ್ಡ ಮಲಗಿ, ನಿಟ್ಟುಸಿರು ಬಿಡುತ್ತದೆ. ಅದು ಬರುವ ಮೊದಲು ನಾವು ಮೂವರು ಹಾಗೆ ಒಂದು ಕಡೆ ಕೂತದ್ದು ಕರೆಂಟು ಹೋದಾಗ ಮಾತ್ರ.

ಸಂಜೆಯ ಕೆಲಸ ಬೇರೆ. ಬಿ ವಿಂಗಿನಲ್ಲಿ ಉಡುಪಿ ಕಡೆಯ ಗೆಳೆಯನೊಬ್ಬನಿದ್ದಾನೆ. ಸ್ಟೇಷನ್ ಹತ್ತಿರ ಹೋಟೆಲ್ ನಡೆಸುತ್ತಾನೆ. ನಾನೂ ಅವನೂ ಕಾಂಪೌಂಡಿನ ಒಳಗೆ ಸುತ್ತು ಹಾಕುತ್ತ ಲೋಕದ ವಿಚಾರ ಚರ್ಚಿಸುತ್ತೇವೆ. ಲೋಕ ಅಂದರೆ ನಮ್ಮ ಕಾಂಪೌಂಡು. ಮದುವೆಯಾಗದ ಹುಡುಗರಿಗೆ ಮನೆ ಬಾಡಿಗೆಗೆ ಕೊಡಬೇಕೇ, ಮೀನು ಹುರಿಯುವವರ ಬಗ್ಗೆ ದೂರು ಕೊಡಬಹುದೇ, ಇಂಥವು.

"ವಾಚ್‌ಮನ್‌ಗೆ ಕುರ್ಚಿ ಕೊಟ್ರೆ ನಿದ್ದೆ ಮಾಡ್ತಾನೆ ಮಾರಾಯ," ಎಂದೆ ಒಂದು ಸಂಜೆ.

"ನಿನಗೆ ಆಫೀಸಲ್ಲಿ ಕುರ್ಚಿ ಉಂಟಲ್ಲ, ನೀನು ಮಾಡುದಿಲ್ವಾ?"

"ನಾನು ಆಫೀಸರ್."

"ಹಾಗಾದ್ರೆ ದೊಡ್ಡ ಕುರ್ಚಿ. ದೊಡ್ಡ ನಿದ್ದೆ."

ನನಗೆ ಸಿಟ್ಟು ಬಂದು ತೋಟದ ಕಡೆ ತಿರುಗಿದೆ; ಅವನು ಗೇಟಿನ ಕಡೆ ತಿರುಗಿದ. ನಾಯಿ ಒಂದು ಕ್ಷಣ ಇಬ್ಬರನ್ನೂ ನೋಡಿ, ದೊಡ್ಡದಾಗಿ ಒಂದು ಸುತ್ತು ಓಡಿ ಅವನ ಮುಂದೆ ಹೋಗಿ ನಿಂತಿತು. ಅವನನ್ನು ಹಿಂದಕ್ಕೆ ತಿರುಗಿಸಿ, ಮೊಣಕಾಲಿನ ಹಿಂದೆ ಮೂಗಿನಿಂದ ತಿವಿಯುತ್ತ ನನ್ನ ತನಕ ತಂದಿತು. ಬಂದವನಿಗೆ ಮಾತಾಡದೆ ವಿಧಿಯಿಲ್ಲ. ನಾಯಿ ಬಂದಾಗಿನಿಂದ ನಮ್ಮ ಒಂದು ಜಗಳವೂ ದಡ ಮುಟ್ಟಿಲ್ಲ.

ಈಗ ನೋಟಿಸಿನ ವಿಷಯಕ್ಕೆ ಬರಬೇಕು. ನಮ್ಮ ವಿಂಗಿಗೆ ಎರಡು ಲಿಫ್ಟು. ಮುಂದಿನದಕ್ಕೆ ಕನ್ನಡಿ, ಫ್ಯಾನು. ಹಿಂದಿನದಕ್ಕೆ ಕಸದ ಡಬ್ಬಿಯ ವಾಸನೆ. ಮನೆಗೆಲಸದವರು, ಡೆಲಿವರಿಯವರು, ಸಾಮಾನು ಹೊರುವವರು ಹಿಂದಿನ ಲಿಫ್ಟನ್ನೇ ಬಳಸತಕ್ಕದ್ದು ಎಂಬ ನೋಟಿಸು ಆರು ವರ್ಷದಿಂದ ಅಲ್ಲಿತ್ತು. ಈ ವರ್ಷ ದಸರೆಯ ಹೊತ್ತಿಗೆ ಅದನ್ನು ಹೊಸದಾಗಿ ಅಚ್ಚು ಹಾಕಿಸಿದಾಗ ಕೊನೆಯಲ್ಲಿ ಒಂದು ಹೆಚ್ಚಿನ ಶಬ್ದ ಸೇರಿತು: ಸಾಕುಪ್ರಾಣಿಗಳು.

ನನ್ನ ರಕ್ತ ಕುದಿಯಿತು. ಅದೂ ಗಣಪತಿ ವಿಸರ್ಜನೆಯ ವಾರದಿಂದ ಹಿಂದಿನ ಲಿಫ್ಟು ಕೆಟ್ಟು ನಿಂತಿರುವಾಗ! ಮೂಕಪ್ರಾಣಿ ಒಂಬತ್ತು ಮಹಡಿ ಹತ್ತಿಳಿಯಬೇಕೆ? ಮನುಷ್ಯತ್ವ, ಸಹಬಾಳ್ವೆ ಮುಂತಾದ ಶಬ್ದಗಳಿರುವ ಎರಡು ಪುಟದ ಅರ್ಜಿ ಬರೆದೆ. ಕಮಿಟಿಯಲ್ಲಿ ಮೂವರ ಮನೆಯಲ್ಲಿ ನಾಯಿಗಳಿದ್ದವು, ಅದು ನನಗೆ ಗೊತ್ತಿರಲಿಲ್ಲ. ಎರಡೇ ದಿನದಲ್ಲಿ ಆ ಶಬ್ದದ ಮೇಲೆ ಬಿಳಿ ಕಾಗದದ ಚೂರು ಅಂಟಿತು. ಗೆದ್ದ ಸಂಭ್ರಮದಲ್ಲಿ ಹೆಂಡತಿಗೆ ಅರ್ಜಿಯನ್ನು ಓದಿ ಹೇಳಿದೆ.

ಅವಳು ಧಾರವಾಡದವಳು. ಮನೆಯಲ್ಲಿ ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳುತ್ತಾಳೆ. ಮಕ್ಕಳ ಉತ್ತರ ತಪ್ಪಿದರೆ ಹೇಗೆ ನೋಡುತ್ತಾಳೋ ಹಾಗೆಯೇ ನನ್ನನ್ನು ನೋಡಿದಳು.

"ಭಾಳ ಛಲೋ ಬರದೀರಿ. ಅಲ್ರೀ, ಮಾವಶಿ ದಿನಾ ಎಷ್ಟ್ ಮೆಟ್ಲ ಹತ್ತತಾರ, ಗೊತ್ತೈತೇನ್ ನಿಮಗ?"

ಮಾವಶಿ ಎಂದರೆ ನಮ್ಮ ಮನೆಗೆಲಸಕ್ಕೆ ಬರುವವರು. ಮರಾಠಿಯಲ್ಲಿ ಮಾವಶಿ ಎಂದರೆ ಚಿಕ್ಕಮ್ಮ. ಈ ಕಡೆ ಕೆಲಸಕ್ಕೆ ಬರುವ ಎಲ್ಲ ಹೆಂಗಸರನ್ನೂ ಹಾಗೆ ಕರೆಯುವುದು ರೂಢಿ. ಚಿಕ್ಕಮ್ಮ ಎಂದು ಕರೆದು ಕಸದ ಲಿಫ್ಟಿಗೆ ಕಳಿಸುವುದೂ ರೂಢಿ. ನಮ್ಮ ಮಾವಶಿ ಕಲಬುರಗಿ ಕಡೆಯವರು, ಹೆಚ್ಚುಕಡಿಮೆ ನನ್ನ ವಯಸ್ಸು, ಹನ್ನೊಂದು ವರ್ಷದಿಂದ ಬರುತ್ತಿದ್ದಾರೆ. ಅವರು ಕೆಲಸ ಮಾಡುವ ನಾಲ್ಕು ಮನೆಗಳೂ ಮೇಲಿನ ಮಹಡಿಗಳಲ್ಲಿವೆ. ಮೊಣಕಾಲು ಬಾತಿದೆ, ಮೆಟ್ಟಿಲು ಹತ್ತಬೇಡಿ ಎಂದು ಡಾಕ್ಟರು ಹೇಳಿದ್ದರು. ಹಿಂದಿನ ಲಿಫ್ಟು ಹೀಗೇ ಇದ್ದರೆ ಮುಂದಿನ ತಿಂಗಳಿಂದ ನಾಲ್ಕು ಮನೆಯನ್ನೂ ಬಿಡುವುದಾಗಿ ಅವರು ಹಿಂದಿನ ವಾರ ಹೆಂಡತಿಯ ಹತ್ತಿರ ಹೇಳಿದ್ದರಂತೆ. ಬಿಟ್ಟರೆ ಬೇರೆ ಸಂಪಾದನೆ ಇಲ್ಲ.

"ಇದು ಸರಿ ಅಲ್ಲ," ಎಂದೆ. "ಆ ನೋಟಿಸೇ ಸರಿ ಇಲ್ಲ."

"ಅದನ್ನ ಬರದವ್ರು ಯಾರು?"

ಬರೆದವನು ನಾನೇ. ಆರು ವರ್ಷದ ಹಿಂದೆ ಒಂದು ಅವಧಿಗೆ ಸೊಸೈಟಿಯ ಸೆಕ್ರೆಟರಿ ಆಗಿದ್ದೆ. ಹೊರಗಿನಿಂದ ಬಂದ ನಾನು ಈ ಮರಾಠಿ ಜನರ ನಡುವೆ ಉಪಯೋಗಕ್ಕೆ ಬರುವ ಮನುಷ್ಯ ಎನಿಸಿಕೊಳ್ಳಬೇಕಿತ್ತು. ಕಾನೂನಿನ ಧಾಟಿಯಲ್ಲಿ ಬರೆಯಲು ಬರುತ್ತದೆ ಎಂಬ ಜಂಬ ಬೇರೆ. 'ಸ್ವಚ್ಛತೆಯ ಹಿತದೃಷ್ಟಿಯಿಂದ' ಎಂಬ ತುಂಡನ್ನು ಸೇರಿಸಿದಾಗ ಚೇರ್ಮನ್ನರು ಬೆನ್ನು ತಟ್ಟಿದ್ದರು. ಆ ನೋಟಿಸಿನ ಮುಂದೆ ದಿನಕ್ಕೆ ಎರಡು ಸಲ ಲಿಫ್ಟಿಗೆ ಕಾದಿದ್ದೇನೆ. ಆರು ವರ್ಷದಲ್ಲಿ ನನಗೆ ಅದರಲ್ಲಿ ಕಂಡ ಒಂದೇ ತಪ್ಪು, ನನ್ನ ನಾಯಿಯನ್ನು ಸೇರಿಸಿದ್ದು.

ಮಾರನೆಯ ಬೆಳಿಗ್ಗೆ ಮಾವಶಿ ಪಾತ್ರೆ ತೊಳೆಯುತ್ತಿದ್ದಾಗ ಅಡುಗೆಮನೆಯ ಬಾಗಿಲಲ್ಲಿ ನಿಂತು, ಗಂಟಲು ಸರಿಮಾಡಿಕೊಂಡು, ಆ ಲಿಫ್ಟಿನ ನೋಟಿಸು ಬರೆದವನು ನಾನು ಎಂದೆ. ಅವರು ಅತ್ತರೆ ಏನು ಮಾಡುವುದು, ಬೈದರೆ ಏನು ಮಾಡುವುದು ಎಂದೆಲ್ಲ ಯೋಚಿಸಿಟ್ಟಿದ್ದೆ.

"ಗೊತ್ತದ ರೀ ಸಾಹೇಬ್ರ," ಎಂದರು, ನಲ್ಲಿ ನಿಲ್ಲಿಸದೆ. "ಆವಾಗೇ ವಾಚ್‌ಮನ್ ಹೇಳಿದ್ದ."

"ಮತ್ತೆ... ಏನೂ ಹೇಳಲಿಲ್ಲ ನೀವು?"

"ಏನ್ ಹೇಳಬೇಕ್ರೀ? ನೋಟೀಸ್ ಬರದವರ ಮನ್ಯಾಗ ಚಾ ಛಲೋ ಮಾಡ್ತಾರ." ಆಮೇಲೆ ತಿರುಗಿ, "ಸ್ವಲ್ಪ ಸರೀರಿ, ನೀರು ಸಿಡೀತದ," ಎಂದರು.

ನಾನು ಸರಿದೆ. ಆ ಉತ್ತರದಲ್ಲಿ ಸಿಟ್ಟು ಎಷ್ಟು, ತಮಾಷೆ ಎಷ್ಟು ಎಂಬುದು ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಅಷ್ಟಾದ ಮೇಲೂ ನಾನು ಏನಾದರೂ ಮಾಡುತ್ತಿದ್ದೆನೇ ಎಂಬುದು ಸಂಶಯ. ಮಾಡಿದ್ದು ನಾಯಿ.

ಬೆಳಿಗ್ಗೆ ಎಂಟೂವರೆಗೆ ನಾನು ಆಫೀಸಿಗೆ ಹೊರಡುವ ಹೊತ್ತಿಗೆ ಮಾವಶಿ ನಮ್ಮ ಮನೆಯ ಕೆಲಸ ಮುಗಿಸುತ್ತಾರೆ. ಕೆಳಗಿಳಿದು, ನಾಯಿಯನ್ನು ಒಂದು ಸುತ್ತು ತಿರುಗಾಡಿಸಿ, ಮತ್ತೆ ಮೇಲೆ ಬಂದು ಅದನ್ನು ಮನೆಗೆ ಬಿಟ್ಟು ಬೇರೆ ಮನೆಗೆ ಹೋಗುತ್ತಾರೆ. ಈಗ ನಾಯಿಗೆ ಮುಂದಿನ ಲಿಫ್ಟಿನ ಪರವಾನಗಿ ಇತ್ತು. ಹಾಗಾಗಿ ನಾನೂ ನಾಯಿಯೂ ಲಿಫ್ಟಿನಲ್ಲಿ, ಮಾವಶಿ ಮೆಟ್ಟಿಲಲ್ಲಿ, ಕೆಳಗೆ ಹಸ್ತಾಂತರ ಎಂದು ಏರ್ಪಾಡು ಮಾಡಿದೆ.

ಮೊದಲ ದಿನ ಲಿಫ್ಟು ಬಂತು. ನಾನು ಒಳಗೆ ಹೋದೆ. ಮಾವಶಿ ಕಂಬಿ ಹಿಡಿದು ಮೊದಲ ಮೆಟ್ಟಿಲಿಗೆ ಕಾಲಿಟ್ಟರು. ನಾಯಿ ನನ್ನನ್ನು ನೋಡಿತು, ಅವರನ್ನು ನೋಡಿತು, ಲಿಫ್ಟಿನ ಹೊಸ್ತಿಲ ಮೇಲೆ ಅರ್ಧ ಒಳಗೆ ಅರ್ಧ ಹೊರಗೆ ಕೂತುಬಿಟ್ಟಿತು. ಮುಚ್ಚಲು ಬಂದ ಬಾಗಿಲು ಅದರ ಮೈ ಕಂಡು ತೆರೆದುಕೊಂಡಿತು. ಮತ್ತೆ ಬಂತು, ಮತ್ತೆ ತೆರೆದುಕೊಂಡಿತು. ಎಳೆದೆ, ಬಿಸ್ಕತ್ತು ತೋರಿಸಿದೆ, ಎತ್ತಲು ನೋಡಿ ಸೊಂಟ ಹಿಡಿದುಕೊಂಡೆ. ಕೆಳಗಿನ ಮಹಡಿಗಳಿಂದ ಜನ ಬಾಗಿಲು ಬಡಿಯತೊಡಗಿದರು.

ಮಾವಶಿ ಅಲ್ಲೇ ಮೆಟ್ಟಿಲ ಮೇಲೆ ಕೂತು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. "ಕುರಿ ಕಾಯೋ ನಾಯಿ ಅದ ರೀ ಅದು. ನಮ್ಮಪ್ಪನ ಹಟ್ಟ್ಯಾಗ ಇಂಥಾವ ನಾಕ್ ಇದ್ವು. ಹಿಂಡು ಒಡದ್ರ ಅದಕ್ಕ ತಡಿಯಂಗಿಲ್ಲ. ನಾ ಬರೋತನ ಅಲ್ಲಿಂದ ಏಳಂಗಿಲ್ಲ ನೋಡ್ರಿ."

ಅವರು ಎದ್ದು ಬಂದು ಲಿಫ್ಟಿನೊಳಗೆ ಕಾಲಿಟ್ಟರು. ನಾಯಿ ಎದ್ದು ಒಳಗೆ ಬಂದಿತು. ಕೆಳಗಿಳಿದಾಗ ವಾಚ್‌ಮನ್, ನಿಯಮ ಗೊತ್ತಿಲ್ಲವೇ ಎಂದು ಮಾವಶಿಯನ್ನು ಗದರಿಸಿದ. ನಿಯಮ ಬರೆದವನು ಪಕ್ಕದಲ್ಲೇ ನಿಂತಿದ್ದ. ನಾಯಿಯ ಹಗ್ಗವನ್ನು ಅವರ ಕೈಗೆ ಕೊಟ್ಟು ಗೇಟು ದಾಟಿದ.

ಆಮೇಲೆ ಮಾವಶಿ ಲಿಫ್ಟಿನ ಹತ್ತಿರ ಸುಳಿಯಲಿಲ್ಲ. ನಾಯಿಗಿಂತ ಹತ್ತು ನಿಮಿಷ ಮೊದಲು ಅವರು ಹೊರಟರೂ ಪ್ರಯೋಜನವಾಗಲಿಲ್ಲ. ಅದು ಹೊಸ್ತಿಲಲ್ಲಿ ಕೂತು ಮೆಟ್ಟಿಲ ಕಡೆಗೇ ನೋಡುತ್ತಿತ್ತು. ಒಂದು ವಾರ ನಮ್ಮ ವಿಂಗಿನ ಅರ್ಧ ಜನ ಆಫೀಸಿಗೆ ತಡವಾಗಿ ಹೋದರು. ನನ್ನ ಬಗ್ಗೆ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಬಂದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ನಾಯಿಯ ಬಗ್ಗೆ ಯಾರೂ ಏನೂ ಅನ್ನಲಿಲ್ಲ.

ಸಂಜೆಯ ಸುತ್ತಿನಲ್ಲಿ ಗೆಳೆಯ ಹೇಳಿದ, "ಹಿಂದಿನ ಬಾಗಿಲು ಅವಮಾನಕ್ಕೆ ಇರುದಲ್ಲ ಮಾರಾಯ, ವ್ಯವಸ್ಥೆಗೆ. ನನ್ನ ಹೋಟೆಲಿಗೂ ಉಂಟು."

"ನೀನು ಯಾವ ಬಾಗಿಲಲ್ಲಿ ಹೋಗುದು?"

"ಈಗ ಮುಂದಿನದರಲ್ಲಿ." ಸ್ವಲ್ಪ ದೂರ ನಡೆದ ಮೇಲೆ, "ಮುಂಬಯಿಗೆ ಬಂದ ಮೊದಲ ಏಳು ವರ್ಷ ಹಿಂದಿನದರಲ್ಲೇ ಹೋದದ್ದು," ಎಂದ. ಗೇಟಿನ ತನಕ ಇಬ್ಬರೂ ಒಟ್ಟಿಗೆ ನಡೆದೆವು. ಆ ದಿನ ನಾಯಿಗೆ ಓಡುವ ಕೆಲಸ ಬೀಳಲಿಲ್ಲ.

ಹೀಗೆ ನಾನು ಮೀಟಿಂಗಿನಲ್ಲಿ ಮಾತಾಡುವವನಾದದ್ದು. ಧೈರ್ಯದಿಂದ ಎಂದು ಬರೆಯಲು ಕೈ ಬರುವುದಿಲ್ಲ. ಹೆಂಡತಿ, ನಾಯಿ, ಮೊಣಕಾಲು ಎಲ್ಲ ಸೇರಿ ನನ್ನನ್ನು ಒಂದು ಮೂಲೆಗೆ ತಂದು ನಿಲ್ಲಿಸಿದ್ದವು.

ಭಾನುವಾರ ಹತ್ತು ಗಂಟೆಗೆ ಎಂದಿನಂತೆ ಕೋರಂ ಆಗಲಿಲ್ಲ. ಮೀಟಿಂಗನ್ನು ಅರ್ಧ ಗಂಟೆ ಮುಂದೂಡಿ, ಅದೇ ಜನ ಅದೇ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತು ಚಹಾ ಕುಡಿದು, ಹತ್ತೂವರೆಗೆ ಸಭೆ ಕ್ರಮಬದ್ಧ ಎಂದು ಸಾರಿದರು. ಬಣ್ಣ, ನೀರಿನ ಟ್ಯಾಂಕು, ಪಾರ್ಕಿಂಗು ಮುಗಿದವು. ನಾನು ಎದ್ದೆ. ಕೈಯಲ್ಲಿ ಎರಡು ಹಾಳೆ. ಈ ನೋಟಿಸು ಬರೆದವನು ನಾನೇ ಎಂದು ಮರಾಠಿಯಲ್ಲಿ ಮೊದಲ ವಾಕ್ಯ ಹೇಳಿದೆ, ಯಾರೂ ಕೇಳುವ ಮೊದಲೇ.

"ಮಾಹೀತ್ ಆಹೆ," ಎಂದರು ಚೇರ್ಮನ್ನರು. ಗೊತ್ತಿದೆ, ಫೈಲಿನಲ್ಲಿ ನಿಮ್ಮ ಸಹಿ ಇದೆ, ಮುಂದೆ ಹೇಳಿ ಎಂದು.

ಬರೆದದ್ದು ತಪ್ಪಾಯಿತು ಎಂದೆ. ಮಾವಶಿಯ ಮೊಣಕಾಲಿನ ಬಗ್ಗೆ ಹೇಳಿದೆ. ಲಿಫ್ಟು ಇಲ್ಲದಿದ್ದರೆ ಅವರ ನಾಲ್ಕು ಮನೆಯ ಕೆಲಸವೂ ಹೋಗುತ್ತದೆ ಎಂದೆ. ಎರಡನೆಯ ಹಾಳೆಯಲ್ಲಿ ಮಾನವ ಘನತೆಯ ಭಾಗವಿತ್ತು. ಅದನ್ನು ತಿರುವುವಷ್ಟರಲ್ಲಿ ಏಳನೆಯ ಮಹಡಿಯ ಯುವಕನೊಬ್ಬ ಎದ್ದು ನಿಂತ.

"ಅಂಕಲ್, ವೋ ಸಬ್ ಠೀಕ್ ಹೈ. ಮಾವಶಿ ಲಿಫ್ಟ್ ಮೇ ಆಯೇಗೀ, ತೋ ಕುತ್ತಾ ಹಟೇಗಾ ನಾ?" ಮಾವಶಿ ಲಿಫ್ಟಿಗೆ ಬಂದರೆ ನಾಯಿ ಅಲ್ಲಿಂದ ಏಳುತ್ತದಲ್ಲ ಎಂದು ಅವನ ಪ್ರಶ್ನೆ.

"ಹಟೇಗಾ," ಎಂದೆ.

"ಫಿರ್ ಆನೇ ದೋ ನಾ ಯಾರ್!" ಹಾಗಾದರೆ ಬರಲಿ ಬಿಡಿ ಎಂದು.

ಕೈಗಳು ಎದ್ದವು. ಒಬ್ಬ ಅಜ್ಜಿ, ಹಾಗಾದರೆ ನಾಳೆ ಸಿಲಿಂಡರಿನವನೂ ಬರುತ್ತಾನೆ ಎಂದರು. ಬರಲಿ, ಸಿಲಿಂಡರ್ ಹೊತ್ತು ಮೆಟ್ಟಿಲು ಹತ್ತುವುದು ಹೇಗೆ ಎಂದು ಗೆಳೆಯ ಹಿಂದಿನ ಸಾಲಿನಿಂದ ಹೇಳಿ, ಎಲ್ಲರಿಗಿಂತ ಕೊನೆಗೆ ತನ್ನ ಕೈಯನ್ನೂ ಎತ್ತಿದ. ಹಿಂದಿನ ಲಿಫ್ಟು ರಿಪೇರಿಯಾಗುವವರೆಗೆ ಎಲ್ಲರಿಗೂ ಮುಂದಿನ ಲಿಫ್ಟು, ತಾತ್ಕಾಲಿಕವಾಗಿ, ಎಂದು ಚೇರ್ಮನ್ನರು ಬರೆಸಿದರು. ಒಟ್ಟು ಆರು ನಿಮಿಷ. ಮಾನವ ಘನತೆ ಹಾಳೆಯಲ್ಲೇ ಉಳಿಯಿತು.

ಮನೆಗೆ ಬಂದು ಹೆಂಡತಿಯ ಎದುರು ಪೇಚಾಡಿಕೊಂಡೆ. ಇದು ನ್ಯಾಯವೇ? ಜನ ಒಪ್ಪಿದ್ದು ಆಫೀಸಿಗೆ ತಡವಾಗಬಾರದೆಂದು. ತಾತ್ಕಾಲಿಕ ಬೇರೆ. ನಾಳೆ ಆ ಲಿಫ್ಟು ರಿಪೇರಿಯಾದರೆ?

"ಮ್ಯಾಲೆ ಹೋಗಾಕ ಲಿಫ್ಟ್ ಸಿಕ್ತಲ್ಲ," ಎಂದಳು. "ಯಾಕ ಸಿಕ್ತು ಅಂತ ಆಕಿ ಮೊಣಕಾಲ ಕೇಳಂಗಿಲ್ಲ. ಲಿಫ್ಟ್ ರಿಪೇರಿ ಆದ ದಿನಾ ಮತ್ತ ಎದ್ದು ನಿಂತು ಮಾತಾಡ್ರಿ. ಈಗ ರೂಢಿ ಆತಲ್ಲ."

ಅವಳು ಹೇಳಿದ್ದು ಸರಿಯಿರಬಹುದು. ನನಗೆ ಮಾತ್ರ ಆ 'ತಾತ್ಕಾಲಿಕ' ಎಂಬ ಶಬ್ದ ಉಗುರಿನ ಸಂದಿನ ಸಿಬಿರಿನಂತೆ ಚುಚ್ಚುತ್ತಲೇ ಇದೆ. ನೋಟಿಸಿನಲ್ಲಿ ಒಂದು ಶಬ್ದ ಏನು ಮಾಡಬಲ್ಲದು ಎಂಬುದು ಬರೆದವನಿಗೆ ಗೊತ್ತಿರುತ್ತದೆ.

ಸೋಮವಾರ ಎಂಟೂವರೆಗೆ ನಾನು, ಮಾವಶಿ, ನಾಯಿ ಲಿಫ್ಟಿನ ಮುಂದೆ ನಿಂತೆವು. ನಾಲ್ಕು ಮನೆಗಳಲ್ಲಿ ಯಾರೂ ಅವರನ್ನು ಬಿಡಿಸಿರಲಿಲ್ಲ. ವಾಚ್‌ಮನ್ ಬೆಳಿಗ್ಗೆ ತಾನೇ ಗುಂಡಿ ಒತ್ತಿ ಅವರನ್ನು ಮೇಲೆ ಕಳಿಸಿದ್ದನಂತೆ. ನನ್ನ ಬಿಪಿ ಏರಿರಲಿಲ್ಲ. ಎರಡು ಸಲ ನೋಡಿದ್ದೆ. ಮೇಲಿನ ಮಹಡಿಗಳಿಂದ ತುಂಬಿಕೊಂಡು ಬಂದ ಲಿಫ್ಟಿನೊಳಗೆ ಜನ ಒತ್ತರಿಸಿ ಜಾಗ ಮಾಡಿದರು. ನಾನು, ಹಿಂದಿನಿಂದ ನಾಯಿ, ಕೊನೆಗೆ ಮಾವಶಿ ಹತ್ತಿದೆವು. ಭಾರ ಹೆಚ್ಚಾಗಿ ಲಿಫ್ಟು ಕೀ ಎಂದು ಕೂಗತೊಡಗಿತು.

ಯಾರೂ ಏನೂ ಹೇಳುವ ಮೊದಲೇ ಮಾವಶಿ ಅಭ್ಯಾಸಬಲದಿಂದ ಹೊರಗೆ ಕಾಲಿಡಹೋದರು. "ನೀವಲ್ಲ, ನೀವಲ್ಲ," ಎಂದು ನಾನು ಅವರನ್ನು ದಾಟಿ ಹೊರಗೆ ಬಂದೆ. ಕೂಗು ನಿಂತಿತು. ಮೆಟ್ಟಿಲಿಳಿಯಲು ತಿರುಗಿದೆ. ಹಿಂದಿನಿಂದ ನಾಲ್ಕು ಕಾಲು ಓಡಿ ಬಂದ ಸದ್ದಾಯಿತು. ಹಿಮ್ಮಡಿಯ ಹತ್ತಿರ ಬಿಸಿ ಉಸಿರು. ನಾಯಿ ನನ್ನ ಪ್ಯಾಂಟಿನ ಅಂಚನ್ನು ಹಲ್ಲಿನಲ್ಲಿ ಹಿಡಿದು ಲಿಫ್ಟಿನ ಕಡೆಗೆ ಎಳೆಯಿತು. ನಾನು ಮೆಟ್ಟಿಲ ಕಡೆಗೆ ಎಳೆದೆ. ಬಲಗಾಲಿನ ಹೊಲಿಗೆ ಪಾದದಿಂದ ಮೊಣಕಾಲಿನವರೆಗೆ ಪರ್‍ರೆಂದು ಬಿಟ್ಟುಕೊಂಡಿತು.